ಅದುರದ ಹಾಳೆಯ ಹಾಡು

ಬಾವುಟಕ್ಕೆ ಅಂಟಿಸಿದ ತೆಳು ಪೊರೆಯಿಂದ ಹಾಡು ಕೇಳಿಸುತ್ತಿತ್ತು. ಬಾವುಟ ಬೀಸಿದರೂ ಅದು ನಿಲ್ಲಲಿಲ್ಲ. 2008ರಲ್ಲಿ ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ಈ ಸ್ಪೀಕರ್‌ಗೆ ಅಯಸ್ಕಾಂತವೂ ಬೇಡ, ತಂತಿಸುರುಳಿಯೂ ಬೇಡ. ಇಂಗಾಲದ ನ್ಯಾನೊ ಕೊಳವೆಗಳಿಂದಾದ ಆ ಪಾರದರ್ಶಕ ಪೊರೆ ಹಿಗ್ಗಿಸಿದರೂ, ಒಂದು ಕಡೆ ಹರಿದರೂ ನುಡಿಯುತ್ತದೆ.

ಇಲ್ಲಿ ಗಾಳಿಯನ್ನು ಅಲುಗಿಸುವುದು ಕಾವು. ಹಾಡಿನ ಸಂಕೇತ ಹೊತ್ತ ವಿದ್ಯುತ್ ಹರಿದಾಗ ಪೊರೆ ಸೆಕೆಂಡಿಗೆ ಸಾವಿರಾರು ಸಲ ಬಿಸಿಯಾಗಿ ತಣಿಯುತ್ತದೆ. ಅದಕ್ಕೆ ತಾಗಿಕೊಂಡ ಗಾಳಿಯೂ ಅದೇ ಲಯದಲ್ಲಿ ಹಿಗ್ಗಿ ಕುಗ್ಗುತ್ತದೆ. ಆ ಒತ್ತಡದ ಅಲೆಯೇ ಸದ್ದು. ದಪ್ಪ ಕಾವಲಿ ಒಲೆ ಆರಿಸಿದ ಮೇಲೂ ಬಿಸಿ ಬಿಡುವುದಿಲ್ಲ. ಅಂಥ ವಸ್ತುವಿನಿಂದ ಹಾಡು ಹೊರಡದು. ಕಾವನ್ನು ಹಿಡಿದಿಟ್ಟುಕೊಳ್ಳದಷ್ಟು ತೆಳುವಾಗಿರಬೇಕು.

ಉಪಾಯವೇನೂ ಹೊಸದಲ್ಲ. 1917ರಲ್ಲೇ ಅಮೆರಿಕದ ಆರ್ನಾಲ್ಡ್ ಮತ್ತು ಕ್ರ್ಯಾಂಡಲ್ 700 ನ್ಯಾನೊಮೀಟರ್ ದಪ್ಪದ ಪ್ಲಾಟಿನಂ ಹಾಳೆಯಿಂದ ‘ಥರ್ಮೋಫೋನ್’ ಮಾಡಿದ್ದರು. ಸದ್ದು ಕ್ಷೀಣ, ಮೈಕ್ರೋಫೋನ್‌ಗಳ ಅಳತೆ ಸರಿನೋಡುವ ಕೆಲಸಕ್ಕೆ ಬಂತು, ಮನೆ ಸೇರಲಿಲ್ಲ. ಅಷ್ಟೇ ಅಗಲದ ನ್ಯಾನೊ ಕೊಳವೆಯ ಪೊರೆ ಹಿಡಿದಿಡುವ ಕಾವು ಆ ಪ್ಲಾಟಿನಂ ಹಾಳೆ ಹಿಡಿದಿಡುವುದರ ಸುಮಾರು 260ರಲ್ಲಿ ಒಂದು ಪಾಲು. ಸಿದ್ಧಾಂತ ತೊಂಬತ್ತು ವರ್ಷ ತಕ್ಕ ವಸ್ತುವಿಗಾಗಿ ಕಾದು ಕೂತಿತ್ತು.

ತೊಡಕುಗಳೂ ಇವೆ. ವಿದ್ಯುತ್ ಯಾವ ದಿಕ್ಕಿಗೆ ಹರಿದರೂ ಪೊರೆ ಬಿಸಿಯಾಗುತ್ತದೆ. ಹಾಗಾಗಿ ಒಂದು ಆವರ್ತಕ್ಕೆ ಎರಡು ಸಲ ಬಿಸಿಯಾಗಿ, ಮಧ್ಯ ಷಡ್ಜ ಕಳಿಸಿದರೆ ತಾರ ಷಡ್ಜ ಕೇಳಿಸುತ್ತದೆ. ಸಂಕೇತದ ಜೊತೆಗೆ ನೇರ ವಿದ್ಯುತ್ತನ್ನೂ ಹರಿಸಿ ಇದನ್ನು ಸರಿಪಡಿಸುತ್ತಾರೆ. ಆದರೆ ಕೊಟ್ಟ ವಿದ್ಯುತ್ತಿನ ಬಹುಪಾಲು ಬರೀ ಬಿಸಿಯಾಗಿಯೇ ಹೋಗುವುದಕ್ಕೆ, ಕೆಳಸ್ಥಾಯಿಯ ಸದ್ದು ಸೊರಗುವುದಕ್ಕೆ ಸುಲಭದ ಮದ್ದಿಲ್ಲ. ಮದುವೆಮನೆಯ ಸೌಂಡ್ ಸಿಸ್ಟಂಗೆ ಇದು ಪೈಪೋಟಿಯಾಗದು.

ಇದರ ಜಾಗ ಅಯಸ್ಕಾಂತ ಹೋಗಲಾರದ ಕಡೆ. 2017ರಲ್ಲಿ ಚಿಂಗ್‌ಹುವಾದವರೇ ಪ್ಲಾಸ್ಟಿಕ್ ಹಾಳೆಯೊಂದನ್ನು ಲೇಸರ್‌ನಿಂದ ಸುಟ್ಟು, ಅದರ ಮೇಲೆ ಗ್ರಾಫೀನ್ ಎಂಬ ಇಂಗಾಲದ ಪದರ ಮೂಡಿಸಿ ‘ಕೃತಕ ಗಂಟಲು’ ರೂಪಿಸಿದರು. ಕುತ್ತಿಗೆಗೆ ಅಂಟಿಸಿಕೊಂಡರೆ ಅದು ಗುನುಗು, ಕೆಮ್ಮುಗಳ ಅದುರನ್ನು ತನ್ನ ವಿದ್ಯುತ್ ರೋಧದ ಏರಿಳಿತದಿಂದ ಗುರುತಿಸುತ್ತದೆ. ಗುನುಗಿನ ಬಗೆಗೆ ತಕ್ಕಂತೆ ಇದೇ ಕಾವಿನ ಉಪಾಯದಿಂದ ಬೇರೆ ಬೇರೆ ಸದ್ದು ಹೊರಡಿಸುತ್ತದೆ. ಕೇಳುವುದೂ ನುಡಿಯುವುದೂ ಒಂದೇ ಹಾಳೆ. ಮಾತು ಬಾರದವರ ನೆರವಿಗೆಂದು ಹೊರಟ ಈ ದಾರಿಯಲ್ಲಿ ಸದ್ದಿನ ಅಬ್ಬರ ಬೇಕಿಲ್ಲ. ಎದುರಿಗಿದ್ದವರಿಗೆ ಕೇಳಿಸಿದರೆ ಸಾಕು.