ದಂಡಿನಿಂದ ನ್ಯಾಯಾಲಯಕ್ಕೆ



ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಪೌರನೀತಿಯ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬನು ಎದ್ದು ನಿಂತು, "ಸರ್, ವಕೀಲನಾಗಲು ಬಹಳ ಹಣ ಬೇಕಲ್ಲವೇ? ಹಣವಿಲ್ಲದವನ ಪರವಾಗಿ ಮಾತಾಡುವುದಕ್ಕೂ ಹಣವಂತನೇ ಬೇಕೇ?" ಎಂದು ಕೇಳಿದನು. ಗಂಟೆ ಹೊಡೆಯಿತು, ಉತ್ತರ ನನ್ನಲ್ಲಿಯೇ ಉಳಿಯಿತು. ನಮ್ಮ ಕಡೆಯಿಂದ ಈ ಮಹಾನಗರಕ್ಕೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಮುಂದೆ ಬಂದವರನ್ನು ನೀವು ಬಲ್ಲಿರಿ. ನಿಮ್ಮಲ್ಲಿ ಕೆಲವರ ಅಜ್ಜಂದಿರೇ ಹಾಗೆ ಓದಿದವರು. ಆದುದರಿಂದ ಆ ಹುಡುಗನಿಗೆ ಉತ್ತರವಾಗಿ ದೂರದ ಅಮೆರಿಕೆಯ ಒಬ್ಬ ಮಹಿಳೆಯ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ. ಆಕೆ ಸೈನ್ಯದಲ್ಲಿ ದುಡಿದು, ಆ ದುಡಿಮೆಯ ಫಲದಿಂದ ಕಾಯಿದೆ ಕಲಿತು, ವಕೀಲಿಯ ಮೊದಲ ವರ್ಷಗಳಲ್ಲಿಯೇ ಒಂದು ದೊಡ್ಡ ಖಟ್ಲೆಯನ್ನು ನಡೆಸಿದವರು. ಹೆಸರು ಡವಿ ಜಾನ್ಸನ್ ರೌಂಡ್‌ಟ್ರೀ.

ಡವಿ ಹುಟ್ಟಿದುದು 1914ರ ಏಪ್ರಿಲ್ 17ರಂದು, ಉತ್ತರ ಕೆರೊಲೈನಾ ಸಂಸ್ಥಾನದ ಷಾರ್ಲಟ್ ಎಂಬ ಊರಿನಲ್ಲಿ. ಕರಿಯರ ಮನೆ. ತಂದೆ ಚರ್ಚಿನ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದವರು. 1919ರಲ್ಲಿ ಇನ್‌ಫ್ಲುಯೆಂಜಾ ಮಾರಿಗೆ ತುತ್ತಾದರು. ತಾಯಿ ಹೆಣ್ಣುಮಕ್ಕಳನ್ನು ಕರೆದುಕೊಂಡು ತವರು ಸೇರಿದರು. ಅಲ್ಲಿ ಮಕ್ಕಳ ಆಸರೆ ಅಜ್ಜಿ ರೇಚಲ್. ಈ ಅಜ್ಜಿಯ ಪಾದಗಳು ಎಳೆಯ ಪ್ರಾಯದಲ್ಲಿಯೇ ಒಬ್ಬ ಬಿಳಿಯನ ಕ್ರೌರ್ಯದಿಂದ ಮುರಿದು ಸೊಟ್ಟಗಾಗಿದ್ದುವು. ಜೀವಮಾನವಿಡೀ ಅವು ನೋಯುತ್ತಿದ್ದುವು.

ಒಂದು ದಿನ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಟ್ರಾಮ್ ಹತ್ತಿದರು. ಮಗುವಿಗೆ ಚಾಲಕನು ಬಂಡಿ ನಡೆಸುವುದನ್ನು ನೋಡುವ ಆಸೆ. ಓಡಿಹೋಗಿ ಅವನ ಬೆನ್ನ ಹಿಂದಿನ ಪೀಠದಲ್ಲಿ ಕುಳಿತಳು. ಅದು ಬಿಳಿಯರ ಜಾಗ. ಚಾಲಕನು ಹೀನವಾದ ಮಾತಿನಿಂದ ಗದರಿದನು. ಅಜ್ಜಿ ತುಟಿಪಿಟಕ್ಕೆನ್ನದೆ ಗಂಟೆಯ ಹಗ್ಗವನ್ನೆಳೆದು ಬಂಡಿಯನ್ನು ನಿಲ್ಲಿಸಿ, ಮಗುವಿನ ಕೈ ಹಿಡಿದು ಇಳಿದುಬಿಟ್ಟರು. ಪೇಟೆಗೆ ಹೋದುದೂ ಮನೆಗೆ ಮರಳಿದುದೂ ಆ ಮುರಿದ ಪಾದಗಳ ಮೇಲೆಯೇ. ಈ ಟ್ರಾಮನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಡವಿ ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನಲ್ಲಿ ಅಲ್ಲಲ್ಲಿ ಚಾಕರಿ ಮಾಡುತ್ತಲೇ ಓದಿದರು. ನಡುವೆ ಹಣ ಸಾಲದೆ ಹೋದಾಗ ಇಂಗ್ಲಿಷ್ ಕಲಿಸುತ್ತಿದ್ದ ಅಧ್ಯಾಪಕಿ ಮೇರಿ ಮೇ ನೆಪ್ಚೂನ್ ಸಾಲ ಕೊಟ್ಟು ಓದನ್ನು ಉಳಿಸಿದರು. 1938ರಲ್ಲಿ ಪದವಿ ಬಂದಿತು. ಆಮೇಲೆ ಮೂರು ವರ್ಷ ಉಪಾಧ್ಯಾಯಿನಿಯ ಕೆಲಸ, ಬಳಿಕ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಅಜ್ಜಿಯ ಗೆಳತಿಯೂ ಕರಿಯ ಮಹಿಳೆಯರ ಮುಖಂಡರೂ ಆಗಿದ್ದ ಮೇರಿ ಮೆಕ್‌ಲೌಡ್ ಬೆಥೂನ್ ಅವರ ಕೈಕೆಳಗೆ ಕೆಲಸ.

ಇಷ್ಟರಲ್ಲಿ ಎರಡನೆಯ ಮಹಾಯುದ್ಧದ ಜ್ವಾಲೆ ಅಮೆರಿಕೆಯನ್ನೂ ಮುಟ್ಟಿತು. 1942ರಲ್ಲಿ ಅಲ್ಲಿ ಮಹಿಳೆಯರ ಸಹಾಯಕ ಸೈನ್ಯ ಹುಟ್ಟಿತು. ಅಧಿಕಾರಿಣಿಯರ ಮೊದಲ ತರಬೇತಿಗೆ ಆರಿಸಿದ ಸುಮಾರು 440 ಮಂದಿಯಲ್ಲಿ ಕರಿಯರಿಗೆ ಇಟ್ಟ ಸ್ಥಾನಗಳು 40. ಬೆಥೂನ್ ಅವರ ಶಿಫಾರಸಿನಿಂದ ಡವಿಯವರು ಆ ನಲವತ್ತರಲ್ಲೊಬ್ಬರಾಗಿ ಅಯೋವಾ ಸಂಸ್ಥಾನದ ಫೋರ್ಟ್ ಡಿಮೊಯ್ನ್ ಶಿಬಿರ ಸೇರಿದರು. ಕವಾಯತು ಎಲ್ಲರಿಗೂ ಒಂದೇ. ಊಟದ ಮೇಜು ಬೇರೆ, ಮಲಗುವ ಮನೆ ಬೇರೆ! ತರಬೇತಿ ಮುಗಿಸಿದ ಡವಿಯವರನ್ನು ದಕ್ಷಿಣದ ಊರೂರುಗಳಿಗೆ ಸೈನ್ಯಕ್ಕೆ ಹೆಂಗಸರನ್ನು ಸೇರಿಸಿಕೊಳ್ಳಲು ಕಳುಹಿಸಿದರು. 1943ರಲ್ಲಿ ಮಿಯಾಮಿ ನಗರದಲ್ಲಿ ಅವರು ಸಮವಸ್ತ್ರ ಧರಿಸಿಯೇ ಬಸ್ಸಿನಲ್ಲಿ ಕುಳಿತಿದ್ದಾಗ, ಒಬ್ಬ ಬಿಳಿಯ ನೌಕಾಯೋಧನಿಗಾಗಿ ಅವರನ್ನು ಆಸನದಿಂದ ಎಬ್ಬಿಸಲಾಯಿತು. ಭುಜದ ಮೇಲಿನ ಅಧಿಕಾರದ ಪಟ್ಟಿ ಅಲ್ಲಿ ಏನೂ ಪ್ರಯೋಜನಕ್ಕೆ ಬರಲಿಲ್ಲ. ಯುದ್ಧ ಮುಗಿಯುವ ವೇಳೆಗೆ ಅವರು ಕ್ಯಾಪ್ಟನ್ ಆಗಿದ್ದರು.

ಸೈನ್ಯದಿಂದ ಬಿಡುಗಡೆಯಾದವರಿಗೆ ಮುಂದೇನು? ಇಲ್ಲಿ ನಾವು ಸ್ವಲ್ಪ ನಿಂತು ಒಂದು ಕಾಯಿದೆಯನ್ನು ತಿಳಿಯತಕ್ಕದ್ದು. ಮೊದಲನೆಯ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಕೆಲಸವಿಲ್ಲದೆ ಅಲೆದು, 1932ರಲ್ಲಿ ತಮಗೆ ಬರಬೇಕಾದ ಹಣಕ್ಕಾಗಿ ರಾಜಧಾನಿಗೇ ಬಂದು ಬೀಡುಬಿಟ್ಟಿದ್ದರು. ಸರ್ಕಾರ ದಂಡನ್ನೇ ಕಳುಹಿಸಿ ಅವರನ್ನು ಚದರಿಸಿತು. ಈ ಕಹಿ ಮರುಕಳಿಸಬಾರದೆಂದು 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟರು ಹೊಸ ಶಾಸನಕ್ಕೆ ರುಜು ಹಾಕಿದರು. ಜನ ಅದನ್ನು 'ಜಿ. ಐ. ಬಿಲ್' ಎಂದೇ ಕರೆದರು. ಅದರಂತೆ ಕನಿಷ್ಠ 90 ದಿನ ಸೇವೆ ಮಾಡಿ ಗೌರವದಿಂದ ಹೊರಬಂದವನಿಗೆ ಒಂದು ವರ್ಷದ ಓದು. ಅದಕ್ಕೆ ಮೇಲೆ, ಎಷ್ಟು ಕಾಲ ಸೇವೆಯೋ ಅಷ್ಟು ಕಾಲ ಓದು. ಒಟ್ಟು ನಾಲ್ಕು ವರ್ಷಕ್ಕೆ ಮೀರದಂತೆ. ಶುಲ್ಕ, ಪುಸ್ತಕಗಳಿಗೆಂದು ವರ್ಷಕ್ಕೆ 500 ಡಾಲರುಗಳವರೆಗೆ ಸರ್ಕಾರ ನೇರವಾಗಿ ಕಾಲೇಜಿಗೇ ಕಟ್ಟುತ್ತಿತ್ತು. ಹೊಟ್ಟೆಪಾಡಿಗೆ ಒಂಟಿಯಾಗಿರುವವರಿಗೆ ಮೊದಲು ತಿಂಗಳಿಗೆ 50 ಡಾಲರು; ಆಮೇಲೆ ಇದನ್ನು ಏರಿಸಿದರು. ಇದರಿಂದ ಕಾಲೇಜು ಸೇರಿದ ಮಾಜಿ ಸೈನಿಕರು ಸುಮಾರು 22 ಲಕ್ಷ.

ಶಾಸನದ ಅಕ್ಷರಗಳಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ಹಣ ಕೈಯಲ್ಲಿದ್ದರೂ ಕರಿಯ ಸೈನಿಕನು ಓದುವುದೆಲ್ಲಿ? ದಕ್ಷಿಣದ ಬಿಳಿಯರ ವಿಶ್ವವಿದ್ಯಾನಿಲಯಗಳ ಬಾಗಿಲು ಅವನಿಗೆ ಮುಚ್ಚಿತ್ತು. 1946ರಲ್ಲಿ ಟೆಕ್ಸಸ್ಸಿನ ಹೀಮನ್ ಸ್ವೆಟ್ ಎಂಬ ಅಂಚೆಯವನು ಅಲ್ಲಿನ ಕಾಯಿದೆ ಕಾಲೇಜಿಗೆ ಅರ್ಜಿ ಹಾಕಿದಾಗ, ಅವನನ್ನು ಒಳಗೆ ಬಿಡುವುದರ ಬದಲು ಕರಿಯರಿಗೆಂದೇ ಬೇರೊಂದು ಪುಟ್ಟ ಕಾಲೇಜನ್ನು ತೆರೆದರು! ನಾಲ್ಕು ವರ್ಷ ಹೋರಾಡಿದ ಮೇಲೆ 1950ರ ಜೂನಿನಲ್ಲಿ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪಿತ್ತಿತು.

ಡವಿಯವರಿಗೆ ವಕೀಲಿಯ ಹಂಬಲ ಹತ್ತಿಸಿದವರು ಪಾಲಿ ಮರ್ರಿ ಎಂಬ ಕಾಯಿದೆ ಪಂಡಿತೆ. 1947ರಲ್ಲಿ ಡವಿಯವರು ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯದ ಕಾಯಿದೆ ಶಾಲೆಯನ್ನು ಸೇರಿದರು. (ಹಾರ್ವರ್ಡ್ ಬೇರೆ, ಹೊವಾರ್ಡ್ ಬೇರೆ. ಪರೀಕ್ಷೆಯಲ್ಲಿ ಇವೆರಡನ್ನೂ ಬೆರೆಸಿದವರ ಉತ್ತರಪತ್ರಿಕೆಗಳನ್ನು ನಾನು ನೋಡಿದ್ದೇನೆ!) ಆಗ ಅವರಿಗೆ ವಯಸ್ಸು ಮೂವತ್ತಮೂರು. ತರಗತಿಯಲ್ಲಿ ಹೆಂಗಸರು ಐವರು ಮಾತ್ರ.

ಅಲ್ಲಿ ಕಾಯಿದೆ ಕಲಿಸುವ ಕ್ರಮ ನಮ್ಮ ಕಂಠಪಾಠದಂತಲ್ಲ. ವಿದ್ಯಾರ್ಥಿಯು ಹಳೆಯ ತೀರ್ಪುಗಳನ್ನು ಓದಿಕೊಂಡು ಬರಬೇಕು. ಗುರುಗಳು ಎಬ್ಬಿಸಿ ನಿಲ್ಲಿಸಿ, "ನಡೆದ ಸಂಗತಿ ಏನು? ತಕರಾರಿನ ಅಂಶ ಯಾವುದು? ನ್ಯಾಯಾಧೀಶರು ಯಾವ ಸೂತ್ರವನ್ನು ಹಿಡಿದರು? ಸಂಗತಿ ಹೀಗಲ್ಲದೆ ಹಾಗಿದ್ದರೆ ತೀರ್ಪು ನಿಲ್ಲುವುದೇ?" ಎಂದು ಒಂದರ ಮೇಲೊಂದು ಪ್ರಶ್ನೆ ಕೇಳುವರು. ಹೊವಾರ್ಡಿನ ವೈಶಿಷ್ಟ್ಯ ಇದಕ್ಕಿಂತಲೂ ಮುಂದಿನದು. ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಎಂಬವರು 1930ರ ದಶಕದಲ್ಲಿ ಆ ಶಾಲೆಯನ್ನು ಕರಿಯರ ಹಕ್ಕುಗಳ ಗರಡಿಯನ್ನಾಗಿ ಮಾಡಿದ್ದರು. ಅವರೂ ಮಾಜಿ ಸೈನಿಕರೇ. ಮೊದಲನೆಯ ಮಹಾಯುದ್ಧದಲ್ಲಿ ಅಧಿಕಾರಿಯಾಗಿದ್ದು ಅಲ್ಲಿ ಉಂಡ ಅವಮಾನದಿಂದ ವಕೀಲಿಗೆ ಬಂದವರು. ಅವರ ಶಿಷ್ಯ ತರ್ಗುಡ್ ಮಾರ್ಷಲ್ ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಮುನ್ನ ಹೊವಾರ್ಡಿಗೆ ಬಂದು ತಾಲೀಮು ನಡೆಸುತ್ತಿದ್ದರು. ಪ್ರಾಧ್ಯಾಪಕರೇ ನ್ಯಾಯಮೂರ್ತಿಗಳಾಗಿ ಕುಳಿತು ಅಡ್ಡಪ್ರಶ್ನೆಗಳ ಮಳೆ ಕರೆಯುವರು. ವಿದ್ಯಾರ್ಥಿಗಳು ಸುತ್ತ ಕುಳಿತು ಕೇಳುವರು. ಡವಿಯವರು ಓದಿದುದು ಇಂಥ ವಾತಾವರಣದಲ್ಲಿ. 1950ರಲ್ಲಿ ಪದವಿ ಬಂದಿತು.

ಪದವಿ ಬಂದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. ಅಲ್ಲಿ ಬಾರ್ ಪರೀಕ್ಷೆ ಎಂಬ ಇನ್ನೊಂದು ಹೊಸ್ತಿಲುಂಟು. ನಮ್ಮ ದೇಶದಲ್ಲಿಯೂ 1961ರ ಅಡ್ವೊಕೇಟರ ಕಾಯಿದೆಯಂತೆ ಸಂಸ್ಥಾನದ ವಕೀಲರ ಪರಿಷತ್ತಿನಲ್ಲಿ ಹೆಸರು ದಾಖಲಾಗಿ ಸನದು ದೊರೆಯಬೇಕು. 2010ರಿಂದ ಈಚೆಗೆ ಅಖಿಲ ಭಾರತ ಮಟ್ಟದ ಪರೀಕ್ಷೆಯೂ ಇದೆ. ಡವಿಯವರು ಆ ಹೊಸ್ತಿಲನ್ನು ದಾಟಿ, ಸಹಪಾಠಿಯಾಗಿದ್ದ ಜೂಲಿಯಸ್ ರಾಬರ್ಟ್‌ಸನ್ ಅವರೊಡನೆ ಕೂಡಿ ವಾಷಿಂಗ್ಟನ್ನಿನಲ್ಲಿ ಕಚೇರಿ ತೆರೆದರು.

ಆ ದಿನಗಳ ಕಷ್ಟ ಹೇಳತೀರದು. ಕಕ್ಷಿದಾರರೆಲ್ಲ ಬಡವರು. ಕರಿಯ ವಕೀಲರಿಗೆ ನ್ಯಾಯಾಲಯದ ಕಟ್ಟಡದಲ್ಲಿ ಶೌಚಗೃಹವೂ ಇರಲಿಲ್ಲ. ಅದಕ್ಕಾಗಿ ಹೊರಗೆ ಹೋಗಬೇಕು. 1953ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರುವ ತನಕ ನಗರದ ಬಹುಪಾಲು ಬಿಳಿಯರ ಹೋಟೆಲುಗಳಲ್ಲಿ ಅವರಿಗೆ ಊಟವೂ ಇಲ್ಲ. ಬೆಳಗಿನಿಂದ ನ್ಯಾಯಪೀಠದ ಮುಂದೆ ನಿಂತು ವಾದಿಸಿದವರು ಮಧ್ಯಾಹ್ನ ಒಂದು ತುತ್ತಿಗೆ ದೂರ ನಡೆಯಬೇಕು ಎಂಬುದನ್ನು ಯೋಚಿಸಿ ನೋಡಿ.

ಇಂಥ ಕಚೇರಿಗೆ 1952ರಲ್ಲಿ ಸಾರಾ ಕೀಸ್ ಎಂಬ ತರುಣಿ ತನ್ನ ತಂದೆಯೊಡನೆ ಬಂದಳು. ಅವಳೂ ಮಹಿಳಾ ಸೈನ್ಯದ ಸಿಪಾಯಿ. ಆ ವರ್ಷದ ಆಗಸ್ಟಿನಲ್ಲಿ ಅವಳು ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಶಿಬಿರದಿಂದ ರಜೆಯ ಮೇಲೆ ಉತ್ತರ ಕೆರೊಲೈನಾದ ತನ್ನ ಊರಿಗೆ ಸಮವಸ್ತ್ರದಲ್ಲಿಯೇ ಹೊರಟಿದ್ದಳು. ಸೈನ್ಯದಲ್ಲಿ ಬಣ್ಣದ ಭೇದ ಕೂಡದೆಂದು ಅಧ್ಯಕ್ಷ ಟ್ರೂಮನ್ನರು 1948ರಲ್ಲಿಯೇ ಆಜ್ಞೆ ಹೊರಡಿಸಿದ್ದರು. ಬಸ್ಸಿಗೆ ಆ ಆಜ್ಞೆ ಅನ್ವಯಿಸದು! ನಡುರಾತ್ರಿ ರೊವನೋಕ್ ರ್‍ಯಾಪಿಡ್ಸ್ ಎಂಬ ಊರಿನಲ್ಲಿ ಹೊಸ ಚಾಲಕನು ಹತ್ತಿ, ಒಬ್ಬ ಬಿಳಿಯ ನೌಕಾಯೋಧನಿಗೆ ಜಾಗ ಬಿಟ್ಟು ಹಿಂದೆ ಹೋಗೆಂದನು. ಅವಳು ಏಳಲಿಲ್ಲ. ಚಾಲಕನು ಉಳಿದ ಪ್ರಯಾಣಿಕರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿ ಅವಳನ್ನು ಬಿಟ್ಟನು. ಪೋಲೀಸರು ಅವಳನ್ನು ಠಾಣೆಗೆ ಒಯ್ದು ರಾತ್ರಿಯೆಲ್ಲ ಕೂಡಿಹಾಕಿದರು. ಶಾಂತಿಭಂಗದ ಆರೋಪ, 25 ಡಾಲರು ದಂಡ.

ಕಥೆಯನ್ನು ಕೇಳುವಾಗ ಡವಿಯವರಿಗೆ ಮಿಯಾಮಿಯ ಬಸ್ಸೂ ಅಜ್ಜಿಯ ಟ್ರಾಮೂ ಕಣ್ಣೆದುರು ಬಂದಿರಲೇಬೇಕು. ಆದರೆ ಕಣ್ಣೀರಿನಿಂದ ಖಟ್ಲೆ ಗೆಲ್ಲಲಾಗದು. ಇಲ್ಲಿ ಕಾಯಿದೆಯ ತೊಡಕು ಹೀಗಿತ್ತು: ಸಂಸ್ಥಾನಗಳ ಗಡಿ ದಾಟುವ ಬಸ್ಸಿನಲ್ಲಿ ಸಂಸ್ಥಾನವೊಂದರ ಭೇದದ ಕಾಯಿದೆ ನಡೆಯದೆಂದು 1946ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿತ್ತು. ಬಸ್ಸಿನ ಒಡೆಯರು ಜಾಣರು. "ಇದು ಸಂಸ್ಥಾನದ ಕಾಯಿದೆಯಲ್ಲ, ನಮ್ಮ ಕಂಪನಿಯ ನಿಯಮ" ಎಂದು ಹಳೆಯದನ್ನೇ ನಡೆಸಿಕೊಂಡು ಬಂದರು.

ಡವಿ ಮತ್ತು ರಾಬರ್ಟ್‌ಸನ್ ಮೊದಲು ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1953ರ ಫೆಬ್ರವರಿಯಲ್ಲಿ, ಇದು ತನ್ನ ಅಧಿಕಾರವ್ಯಾಪ್ತಿಗೆ ಬಾರದೆಂದು ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಆಗ ಅವರು ಬೇರೆ ಬಾಗಿಲನ್ನು ತಟ್ಟಿದರು. ಸಂಸ್ಥಾನಗಳ ನಡುವೆ ಓಡುವ ರೈಲು, ಬಸ್ಸುಗಳ ಮೇಲೆ ಅಧಿಕಾರ ನಡೆಸಲು 'ಅಂತರರಾಜ್ಯ ವಾಣಿಜ್ಯ ಆಯೋಗ'ವೆಂಬುದೊಂದಿತ್ತು (1887ರಲ್ಲಿ ಹುಟ್ಟಿದ ಅದು 1995ರ ತನಕ ಬಾಳಿತು). ಸಾರಿಗೆ ಕಂಪನಿ ಯಾವ ಪ್ರಯಾಣಿಕನಿಗೂ ಅನ್ಯಾಯದ ಭೇದ ಮಾಡಕೂಡದೆಂಬ ವಿಧಿ ಆಯೋಗದ ಶಾಸನದಲ್ಲಿಯೇ ಇತ್ತು. ಆದರೆ 'ಬೇರೆಯಾಗಿದ್ದರೂ ಸಮವಾಗಿದ್ದರೆ ಅನ್ಯಾಯವಿಲ್ಲ' ಎಂದು ಆಯೋಗ ದಶಕಗಳಿಂದ ಅರ್ಥ ಮಾಡಿಕೊಂಡು ಬಂದಿತ್ತು. 1953ರ ಸೆಪ್ಟೆಂಬರಿನಲ್ಲಿ ದೂರು ದಾಖಲಾಯಿತು.

1954ರ ಮೇ 12ರಂದು ಆಯೋಗದ ಪರೀಕ್ಷಾಧಿಕಾರಿಯ ಮುಂದೆ ವಿಚಾರಣೆ ನಡೆಯಿತು. ಕಾಲದ ಕೂಟವನ್ನು ನೋಡಿ: ಐದೇ ದಿನಗಳ ಮೇಲೆ, ಮೇ 17ರಂದು, ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆ ಕೂರಿಸುವುದೇ ಅಸಮಾನತೆಯೆಂದು ಸುಪ್ರೀಂ ಕೋರ್ಟು ಬ್ರೌನ್ ಖಟ್ಲೆಯಲ್ಲಿ ಸಾರಿತು. ಆದರೂ ಸೆಪ್ಟೆಂಬರಿನಲ್ಲಿ ಆ ಅಧಿಕಾರಿಯ ವರದಿ ಸಾರಾಳ ವಿರುದ್ಧವೇ ಬಂದಿತು. ಬ್ರೌನ್ ತೀರ್ಪು ಖಾಸಗಿ ಕಂಪನಿಗೆ ತಾಗದೆಂಬುದು ಅವರ ಮತ. ಇಬ್ಬರು ವಕೀಲರೂ ಎದೆಗುಂದದೆ ಹನ್ನೊಂದು ಸದಸ್ಯರ ಪೂರ್ಣ ಆಯೋಗಕ್ಕೆ ಆಕ್ಷೇಪಣೆಗಳನ್ನು ಬರೆದು ಸಲ್ಲಿಸಿದರು. ಬೇರೆ ಮಾಡುವುದೇ ಗಾಯ. ಆ ಗಾಯ ಶಾಲೆಯಲ್ಲಾದರೂ ಬಸ್ಸಿನಲ್ಲಾದರೂ ಒಂದೇ ಎಂಬುದು ವಾದದ ತಿರುಳು.

1955ರ ನವೆಂಬರ್ 7ರಂದು ಆಯೋಗ ಆ ವಾದವನ್ನು ಒಪ್ಪಿತು. ತೀರ್ಪು ಬಹಿರಂಗವಾದುದು ಅದೇ ತಿಂಗಳ 25ರಂದು. ಅಲ್ಲಿಂದ ಆರನೆಯ ದಿನ, ಡಿಸೆಂಬರ್ 1ರಂದು, ಮಾಂಟ್‌ಗೊಮೆರಿ ನಗರದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಏಳದೆ ಕುಳಿತರು. ಅವರ ಹೆಸರು ನಿಮ್ಮ ಪಠ್ಯಪುಸ್ತಕಗಳನ್ನೂ ಮುಟ್ಟಿದೆ. ಸಾರಾಳ ಹೆಸರು ಮುಟ್ಟಿಲ್ಲ. ರೋಸಾ ಅವರ ಬಸ್ಸು ಒಂದೇ ನಗರದೊಳಗೆ ಓಡುವಂಥದು. ಆದ್ದರಿಂದ ಸಾರಾಳ ತೀರ್ಪು ಅದಕ್ಕೆ ಅನ್ವಯಿಸುತ್ತಿರಲಿಲ್ಲ.

ತೀರ್ಪು ಬಂದಿತೆಂದು ಬಸ್ಸುಗಳು ಮರುದಿನವೇ ಬದಲಾದುವೆಂದು ತಿಳಿಯಬೇಡಿ. ಆಯೋಗ ತನ್ನ ಮಾತನ್ನು ತಾನೇ ನಡೆಸದೆ ಕುಳಿತಿತು. 1961ರಲ್ಲಿ ಕರಿಯ, ಬಿಳಿಯ ತರುಣರು ಕೂಡಿ ಬಸ್ಸುಗಳಲ್ಲಿ ದಕ್ಷಿಣಕ್ಕೆ ಹೊರಟು, ಪೆಟ್ಟು ತಿಂದು, ಅಲಬಾಮಾದಲ್ಲಿ ಒಂದು ಬಸ್ಸು ಹೊತ್ತಿ ಉರಿದ ಮೇಲೆ, ಅಟಾರ್ನಿ ಜನರಲ್ ರಾಬರ್ಟ್ ಕೆನೆಡಿಯವರು ಆಯೋಗವನ್ನು ಒತ್ತಾಯಿಸಿದರು. ಕಟ್ಟುನಿಟ್ಟಾದ ನಿಯಮಗಳು ಜಾರಿಗೆ ಬಂದುದು ಆ ವರ್ಷದ ನವೆಂಬರ್ 1ರಿಂದ.

ಅದೇ 1961ರಲ್ಲಿ ರಾಬರ್ಟ್‌ಸನ್ ಹಠಾತ್ತನೆ ತೀರಿಕೊಂಡರು. ಡವಿಯವರು ಕಚೇರಿಯನ್ನು ಮುಚ್ಚಲಿಲ್ಲ. 1965ರಲ್ಲಿ ಕೊಲೆಯ ಆರೋಪ ಹೊತ್ತ ಒಬ್ಬ ಬಡ ಕೂಲಿಕಾರನ ಪರವಾಗಿ ಒಂದು ಡಾಲರು ಶುಲ್ಕಕ್ಕೆ ವಾದಿಸಿ ಅವನನ್ನು ಬಿಡಿಸಿದರು. ಎಂಬತ್ತು ದಾಟಿದ ಮೇಲೆಯೇ ವಕೀಲಿಯನ್ನು ಬಿಟ್ಟು, ಹುಟ್ಟಿದೂರು ಷಾರ್ಲಟ್ಟಿಗೆ ಮರಳಿ, 2018ರ ಮೇ 21ರಂದು 104ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಸಾರಾ ಕೀಸ್ ಇನ್ನೂ ಐದು ವರ್ಷ ಹೆಚ್ಚು ಬದುಕಿದರು. ಅವರನ್ನು ಒಂದು ರಾತ್ರಿ ಕೂಡಿಹಾಕಿದ ರೊವನೋಕ್ ರ್‍ಯಾಪಿಡ್ಸ್ ಊರಿನ ಉದ್ಯಾನದಲ್ಲಿಯೇ 2020ರಲ್ಲಿ ಅವರ ಹೆಸರಿನ ಅಂಗಳವೊಂದು ತೆರೆಯಿತು. ಆ ರಾತ್ರಿಯ ಕಥೆಯನ್ನು ಅಲ್ಲಿ ಚಿತ್ರಗಳಲ್ಲಿ ಬರೆದಿದ್ದಾರೆ.