ನಮ್ಮ ಓಣಿಯ ಧೀರರನ್ನು ಮಕ್ಕಳಿಗೆ ಪರಿಚಯಿಸೋಣ



‘ನಿನಗೆ ಇಷ್ಟವಾದ ಹೀರೊ ಯಾರು?’ ಎಂದು ಐದಾರು ವರ್ಷದ ಮಗುವನ್ನು ಕೇಳಿ ನೋಡಿ. ಸಿನಿಮಾ ನಟನ ಹೆಸರೋ ಕ್ರಿಕೆಟ್ ಆಟಗಾರನ ಹೆಸರೋ ತಟ್ಟನೆ ಬರುತ್ತದೆ. ‘ಸಾಲ್ಯಾಗ ನಿನಗ ದಿನಾ ಊಟ ಬಡಸ್ತಾರಲ್ಲ, ಅವರ ಹೆಸರೇನು?’ ಎಂದು ಕೇಳಿದರೆ ಅದೇ ಮಗು ಸುಮ್ಮನಾಗುತ್ತದೆ. ತಪ್ಪು ಮಗುವಿನದಲ್ಲ. ಆ ಹೆಸರು ನಮಗೂ ಗೊತ್ತಿರುವುದಿಲ್ಲ.

ದೂರದ ವೀರರ ಕಥೆ ಹೇಳುವ ಮೊದಲು ನಮ್ಮ ಪಕ್ಕದ ಜಿಲ್ಲೆಯ ಒಬ್ಬ ಹುಡುಗನ ಕಥೆ ಹೇಳಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ಪ್ರವಾಹ ಬಂದು, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿ ಹತ್ತಿರ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಶವವನ್ನೂ ಮಕ್ಕಳನ್ನೂ ಹೊತ್ತು ಬಂದ ಆಂಬ್ಯುಲೆನ್ಸಿನ ಚಾಲಕನಿಗೆ ದಾರಿ ಎಲ್ಲಿದೆಯೆಂದೇ ಕಾಣದು. ಆಗ 12 ವರ್ಷದ ವೆಂಕಟೇಶ ನೀರಿಗಿಳಿದು, ವಾಹನದ ಮುಂದೆ ಮುಂದೆ ಓಡುತ್ತಾ ಬೀಳುತ್ತಾ ಏಳುತ್ತಾ ದಾರಿ ತೋರಿಸಿದ. ಅವನಿಗೆ ಆ ಸಾಲಿನ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ದೊರೆಯಿತು.

ಈ ಕಥೆ ಹೇಳುವಾಗ ಒಂದು ಎಚ್ಚರ ಬೇಕು. ಹರಿಯುವ ನೀರಿಗೆ ಇಳಿಯುವುದೇ ಶೌರ್ಯವೆಂದು ಮಗು ತಿಳಿದರೆ ಅನಾಹುತವಾದೀತು. ‘ನೀನು ನೀರಿಗೆ ಇಳಿಯಬಾರದು, ಓಡಿಹೋಗಿ ದೊಡ್ಡವರನ್ನು ಕರೆಯಬೇಕು’ ಎಂದು ಮೊದಲು ಹೇಳಿ. ಆಮೇಲೆ, ಕಷ್ಟದಲ್ಲಿದ್ದವರು ಯಾರೆಂದು ವೆಂಕಟೇಶ ಕೇಳಲಿಲ್ಲ ಎಂಬುದನ್ನು ಹೇಳಿ. ಮಗುವಿನ ಮನಸ್ಸಿನಲ್ಲಿ ಉಳಿಯಬೇಕಾದದ್ದು ಅದು.

ಆದರೆ ಇಂಥ ದಿನ ಯಾರ ಬಾಳಿನಲ್ಲೂ ಬಂದರೆ ಒಮ್ಮೆ. ರಾಮಸಮುದ್ರದಂಥ ನಮ್ಮ ಊರುಗಳು ನಡೆಯುವುದು ದಿನದಿನವೂ ಸದ್ದಿಲ್ಲದೆ ದುಡಿಯುವವರಿಂದ. ಶಾಲೆಯ ಬಿಸಿಯೂಟವನ್ನೇ ನೋಡಿ. ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಈ ಭಾಗದ ಜಿಲ್ಲೆಗಳಲ್ಲೇ, 2002ರಲ್ಲಿ. ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯೊಳಗಿತ್ತು. ಅಂದಿನಿಂದ ಇಂದಿನವರೆಗೆ ಹೊಗೆಯಲ್ಲಿ, ಬೇಸಿಗೆಯ ಧಗೆಯಲ್ಲಿ, ದೊಡ್ಡ ಪಾತ್ರೆಗಳ ಮುಂದೆ ನಿಂತವರು ನಮ್ಮ ಊರಿನ ಹೆಣ್ಣುಮಕ್ಕಳೇ. 2020ರ ಕೊರೋನಾ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ಆ ಬಾಗಿಲು ತಟ್ಟಿ, ಜ್ವರ ಇದೆಯೇ ಎಂದು ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. ಕರೆಂಟು ಹೋದ ಮಳೆರಾತ್ರಿ ಕಂಬ ಹತ್ತುವ ಲೈನ್‌ಮನ್, ನಸುಕಿನಲ್ಲಿ ನಳಕ್ಕೆ ನೀರು ಬಿಡುವವರು, ಚರಂಡಿ ಬಳಿಯುವವರು... ಇವರ ಪಟ್ಟಿಯನ್ನು ಮಗುವೇ ಬೆಳೆಸಲಿ.

ಇಲ್ಲಿ ನಮ್ಮದೇ ಒಂದು ಮಾತು ಅಡ್ಡ ಬರುತ್ತದೆ. ‘ಓದಲಿಲ್ಲಂದ್ರ ಕಸಾ ಹೊಡ್ಯಾಕ ಹೋಗಬೇಕಾಗ್ತದ ನೋಡು!’ ಮಗು ಓದಲೆಂದು ನಾವು ಆಡುವ ಮಾತು ಇದು. ಆದರೆ ಮಗು ಕಲಿಯುವುದು, ಕಸ ಗುಡಿಸುವವರು ಕೀಳು ಎಂದು. ಆಮೇಲೆ ಧರ್ಮೋಪದೇಶ ತರಗತಿಯಲ್ಲಿ ದಯಾಳು ಸಮಾರಿಯದವನ ಕಥೆಯನ್ನು ಎಷ್ಟು ಸಲ ಹೇಳಿದರೇನು? ಆ ಕಥೆಯ ಧೀರನೂ ಜನರು ಕೀಳೆಂದು ದೂರವಿಟ್ಟವನೇ ಅಲ್ಲವೇ?

ಹಾಗಾದರೆ ಏನು ಮಾಡಬೇಕು? ಚಿಕ್ಕ ಮಕ್ಕಳಿಗೆ ಉಪದೇಶ ಹತ್ತುವುದಿಲ್ಲ, ಕಣ್ಣಿಗೆ ಕಂಡದ್ದು ಹತ್ತುತ್ತದೆ. ವಾರಕ್ಕೆ ಒಬ್ಬರಂತೆ ಕೈಹಿಡಿದು ಕರೆದೊಯ್ದು ಪರಿಚಯಿಸಿ. ‘ಏ’ ಎನ್ನದೆ ಅಕ್ಕಾ, ಕಾಕಾ ಎಂದು ಕರೆಯುವುದನ್ನು ಮೊದಲು ನೀವೇ ರೂಢಿಸಿಕೊಳ್ಳಿ. ‘ಮುಂಜಾನೆ ಎಷ್ಟಕ್ಕೆ ಏಳ್ತೀರಿ? ಯಾವ ಕೆಲಸ ಕಷ್ಟ?’ ಎಂದು ಮಗುವೇ ಕೇಳಲಿ, ಮನೆಗೆ ಬಂದು ಚಿತ್ರ ಬರೆಯಲಿ. ಹಬ್ಬದ ದಿನ ಒಂದು ಡಬ್ಬಿ ಸಿಹಿ ಅವರ ಮನೆಗೆ ಹೋಗಲಿ. ಮರುಹಬ್ಬಕ್ಕೆ ಅವರ ಮನೆಯ ಹೋಳಿಗೆ ಬಂದರೆ ಅವರೆದುರೇ ಕೂತು ತಿನ್ನಿ. ನೀವು ತಿನ್ನುತ್ತೀರೋ ಇಲ್ಲವೋ ಎಂಬುದನ್ನು ಮಗು ನೋಡುತ್ತಿರುತ್ತದೆ.

ಒಂದು ದಿನ ಅದು ಕೇಳಿಯೇ ಕೇಳುತ್ತದೆ, ‘ಅಡಿಗಿ ಅಕ್ಕಾಗ ಪಗಾರ ಎಷ್ಟು ಕೊಡ್ತಾರ?’ ಆಗ ಮಾತು ಮರೆಸಬೇಡಿ. ಅವರಿಗೆ ಬರುವುದು ಪಗಾರವಲ್ಲ, ಗೌರವಧನ. ಅದನ್ನು ಹೆಚ್ಚಿಸಿ ಎಂದು ಅವರು ಎಷ್ಟೋ ಸಲ ಬಿಸಿಲಲ್ಲಿ ಕುಳಿತು ಕೇಳಿದ್ದಾರೆ ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿ.