ಕಾಶಿಗೆ ಬಂದ ಅತಿಥಿಗಳು, ಕೈ ಬದಲಾಯಿಸಿದ ಕಾಣಿಕೆಗಳು

ಕಾಶಿಯಾತ್ರೆ ಮುಗಿಸಿದ ಕನ್ನಡಿಗರು ಬರಿಗೈಯಲ್ಲಿ ಹಿಂತಿರುಗುವುದಿಲ್ಲ. ಗಂಗಾಜಲದ ಗಿಂಡಿ, ಕಾಶಿದಾರ, ಅನುಕೂಲವಿದ್ದವರಾದರೆ ಒಂದು ಬನಾರಸ್ ಸೀರೆ. ಇವನ್ನೆಲ್ಲ ಬಂಧುಬಾಂಧವರಿಗೆ ಹಂಚಿದರೇ ಯಾತ್ರೆ ಪೂರ್ಣವಾದಂತೆ. ದೇಶದೇಶಗಳ ಮುಖ್ಯಸ್ಥರ ನಡುವೆಯೂ ಇಂತಹ ಕೊಡುಕೊಳ್ಳುವಿಕೆ ಉಂಟು. ಆದರೆ ಅಲ್ಲಿ ಪ್ರತಿಯೊಂದಕ್ಕೂ ಲೆಕ್ಕವಿಡಬೇಕು. ಬ್ಯಾಂಕಿನಲ್ಲಿ ಜಮಾಖರ್ಚು ನೋಡುವ ನನ್ನಂಥವನಿಗೆ ಮೆರವಣಿಗೆಗಿಂತ ಈ ಲೆಕ್ಕವೇ ಹೆಚ್ಚು ರುಚಿಕರವಾಗಿ ಕಾಣುತ್ತದೆ.

ಮೆರವಣಿಗೆಗಳಿಗಂತೂ ಕಾಶಿಯಲ್ಲಿ ಕೊರತೆಯಿಲ್ಲ. 1961ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಇಲ್ಲಿಗೆ ಬಂದಾಗ ಮಹಾರಾಜ ವಿಭೂತಿನಾರಾಯಣ ಸಿಂಹರು ಆನೆಯ ಮೇಲೆ ಅವರನ್ನು ಬರಮಾಡಿಕೊಂಡರು. ಅದೇ ಪ್ರವಾಸದಲ್ಲಿ ರಾಣಿಯವರು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಒಂದು ಅರೌಕೇರಿಯಾ ಗಿಡವನ್ನು ನೆಟ್ಟದ್ದು ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರಿಗಾದರೂ ನೆನಪಿರಬಹುದು. 2018ರ ಮಾರ್ಚ್ 12ರಂದು ಫ್ರಾನ್ಸಿನ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರೋನ್ ಅವರು ಪ್ರಧಾನಿ ನರೇಂದ್ರ ಮೋದಿಯವರೊಡನೆ ಅಸ್ಸಿ ಘಾಟಿನಿಂದ ದಶಾಶ್ವಮೇಧ ಘಾಟಿನವರೆಗೆ ದೋಣಿಯಲ್ಲಿ ಸಾಗಿದರು. ಅದೇ ತಿಂಗಳಲ್ಲಿ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮಾಯರ್ ಅವರೂ ಬಂದುಹೋದರು.

ಮ್ಯಾಕ್ರೋನ್ ಅವರ ದೋಣಿ ಸಾಗಿದ ದಾರಿಯಲ್ಲಿಯೇ ಎಡಗಡೆಗೆ ಚೇತ್‌ಸಿಂಗ್ ಘಾಟಿನ ಕೋಟೆಯಂತಹ ಕಟ್ಟಡವಿದೆ. ಕಾಣಿಕೆಯ ಇತಿಹಾಸವನ್ನು ತಿಳಿಯಬಯಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಶಿಯ ರಾಜಾ ಚೇತ್‌ಸಿಂಗನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಸುಮಾರು 22½ ಲಕ್ಷ ರೂಪಾಯಿ ಕಪ್ಪ ಸಲ್ಲಿಸುತ್ತಿದ್ದನು. 1778ರಿಂದ ಯುದ್ಧದ ಖರ್ಚಿಗೆಂದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಅದರ ಮೇಲೆ ಮತ್ತೆ 5 ಲಕ್ಷ ಕೇಳತೊಡಗಿದನು. ಈ ಭಾರವನ್ನು ತಪ್ಪಿಸಿಕೊಳ್ಳಲು ರಾಜನು 1780ರಲ್ಲಿ ಗುಟ್ಟಾಗಿ 2 ಲಕ್ಷ ರೂಪಾಯಿಗಳ ಕಾಣಿಕೆಯನ್ನು ಕಳುಹಿಸಿದನು. ಕಂಪನಿಯ ದೊಡ್ಡ ಅಧಿಕಾರಿಗಳು ಕಾಣಿಕೆ ಮುಟ್ಟಕೂಡದೆಂದು 1773ರ ರೆಗ್ಯುಲೇಟಿಂಗ್ ಶಾಸನವು ಸ್ಪಷ್ಟವಾಗಿ ವಿಧಿಸಿತ್ತು. ಹೇಸ್ಟಿಂಗ್ಸನು ಹಣವನ್ನು ಸ್ವೀಕರಿಸಿದ್ದಷ್ಟೇ ಅಲ್ಲ, ಅದನ್ನು ತನ್ನ ಸ್ವಂತ ಹಣವೆಂಬಂತೆ ತೋರಿಸಿ ಸೇನೆಯ ಖರ್ಚಿಗೆ ಜಮಾ ಮಾಡಿದನು. ಇಂತಹ ನಮೂದನ್ನು ಇಂದಿನ ಯಾವ ಲೆಕ್ಕಪರಿಶೋಧಕನೂ ಸುಮ್ಮನೆ ಬಿಡಲಾರನು!

ಕಾಣಿಕೆಯಿಂದ ರಾಜನಿಗೆ ಲಾಭವೇನೂ ಆಗಲಿಲ್ಲ. 1781ರ ಆಗಸ್ಟಿನಲ್ಲಿ ಹೇಸ್ಟಿಂಗ್ಸನು 50 ಲಕ್ಷ ದಂಡ ವಸೂಲು ಮಾಡುವ ಉದ್ದೇಶದಿಂದ ತಾನೇ ಕಾಶಿಗೆ ಬಂದು ಚೇತ್‌ಸಿಂಗನನ್ನು ಶಿವಾಲಾದ ಈ ಕಟ್ಟಡದಲ್ಲಿ ಬಂಧನದಲ್ಲಿರಿಸಿದನು. ಜನ ದಂಗೆಯೆದ್ದರು. ಮದ್ದುಗುಂಡುಗಳಿಲ್ಲದೆ ಕಾವಲಿಗೆ ಬಂದಿದ್ದ ಸಿಪಾಯಿಗಳು ಹತರಾದರು. ರಾಜನು ರುಮಾಲುಗಳನ್ನು ಒಂದಕ್ಕೊಂದು ಗಂಟುಹಾಕಿ, ಕಿಟಕಿಯಿಂದ ಗಂಗೆಗೆ ಇಳಿದು ಪಾರಾದನು. ಹೇಸ್ಟಿಂಗ್ಸನು ಚುನಾರಿಗೆ ಓಡಿದನು. ಈ ಪ್ರಕರಣವೂ ಆ ಗುಟ್ಟಿನ ಕಾಣಿಕೆಯೂ 1788ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಆರಂಭವಾದ ಅವನ ವಿಚಾರಣೆಯಲ್ಲಿ ಆಪಾದನೆಗಳಾಗಿ ಬಂದವು. 1795ರಲ್ಲಿ ಅವನು ನಿರ್ದೋಷಿಯೆಂದು ಬಿಡುಗಡೆಯಾದನೆಂಬುದು ಬೇರೆ ಮಾತು.

ಅದೇ 1788ರ ಆಗಸ್ಟ್ 10ರಂದು ನಮ್ಮ ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನನು ಕಳುಹಿಸಿದ್ದ ಮೂವರು ರಾಯಭಾರಿಗಳು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿ ದೊರೆಯ ದರ್ಶನ ಪಡೆದರು. ದೊರೆ ಸೆವ್ರ್ ಕಾರ್ಖಾನೆಯ ಬೆಲೆಬಾಳುವ ಪಿಂಗಾಣಿಯನ್ನು ಕೊಟ್ಟನು. ಟಿಪ್ಪುವಿಗೆ ಬೇಕಾಗಿದ್ದುದು ಸೈನ್ಯ. ಪಿಂಗಾಣಿ ಬಂದಿತು, ಸೈನ್ಯ ಬರಲಿಲ್ಲ.

ಇಂದು ನಮ್ಮಲ್ಲಿ ಇದಕ್ಕೆಲ್ಲ ನಿಯಮಗಳಿವೆ. ವಿದೇಶದಿಂದ ಉಡುಗೊರೆ ಪಡೆದ ಮಂತ್ರಿಗಳೂ ಅಧಿಕಾರಿಗಳೂ ಅದನ್ನು 30 ದಿನಗಳೊಳಗಾಗಿ ವಿದೇಶಾಂಗ ಸಚಿವಾಲಯದ ತೋಶಾಖಾನೆಗೆ ಒಪ್ಪಿಸಬೇಕು. ಅಲ್ಲಿ ಬೆಲೆ ಕಟ್ಟಲಾಗುತ್ತದೆ. ಬೆಲೆ 5000 ರೂಪಾಯಿಯೊಳಗಿದ್ದರೆ ಪಡೆದವರೇ ಇರಿಸಿಕೊಳ್ಳಬಹುದು. ಹೆಚ್ಚಾಗಿದ್ದರೆ ಹೆಚ್ಚಿನ ಮೊತ್ತವನ್ನು ಕಟ್ಟಿ ಕೊಳ್ಳಬಹುದು. ಅಮೆರಿಕದವರಂತೂ ಪಟ್ಟಿಯನ್ನೇ ಪ್ರಕಟಿಸುತ್ತಾರೆ. 2023ರಲ್ಲಿ ಮೋದಿಯವರು ಜಿಲ್ ಬೈಡೆನ್ ಅವರಿಗೆ ಕೊಟ್ಟ 7.5 ಕ್ಯಾರೆಟ್ಟಿನ ವಜ್ರಕ್ಕೆ ಆ ಪಟ್ಟಿಯಲ್ಲಿ 20,000 ಡಾಲರ್ ಬೆಲೆ ನಮೂದಾಗಿದೆ. ಅದೇ ಭೇಟಿಯಲ್ಲಿ ಅಧ್ಯಕ್ಷರಿಗೆ ಸಂದದ್ದು ಜೈಪುರದ ಕುಶಲಕರ್ಮಿ ಕೆತ್ತಿದ ಶ್ರೀಗಂಧದ ಪೆಟ್ಟಿಗೆ. ಗಂಧದ ಮರ ಮಾತ್ರ ನಮ್ಮ ಮೈಸೂರಿನದು.

ಕಾಶಿಯ ಕೈಕೆಲಸವೂ ಈಚೆಗೆ ಹೀಗೆ ಸಮುದ್ರ ದಾಟುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಂದಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರಿಗೆ ಗುಲಾಬಿ ಮೀನಾಕಾರಿಯ ಚದುರಂಗದ ಸೆಟ್ಟು ಸಂದಿತು. ಬೆಳ್ಳಿಯ ಮೇಲೆ ಬಣ್ಣದ ಗಾಜಿನ ಪುಡಿಯನ್ನು ಕೂಡಿಸಿ ಕುಲುಮೆಯಲ್ಲಿ ಮತ್ತೆ ಮತ್ತೆ ಕಾಯಿಸಿ, ಬಿಳಿಯ ಮೇಲೆ ಗುಲಾಬಿ ಬಣ್ಣವನ್ನು ಅರಳಿಸುವ ಕಲೆ ಇದು. ಅಂದೇ ಅವರಿಗೆ ಮರದ ಚೌಕಟ್ಟಿನಲ್ಲಿಟ್ಟು ಕೊಟ್ಟ ಇನ್ನೊಂದು ವಸ್ತುವೆಂದರೆ, ಅವರ ತಾತ ಪಿ. ವಿ. ಗೋಪಾಲನ್ ಅವರಿಗೆ ಸಂಬಂಧಿಸಿದ ಹಳೆಯ ಸರ್ಕಾರಿ ಅಧಿಸೂಚನೆಗಳ ಪ್ರತಿ. ಕಾಗದದ ಬೆಲೆ ಕಾಸು. ಆದರೂ ನನ್ನ ಮಟ್ಟಿಗೆ ಎರಡರಲ್ಲಿ ಇದೇ ಮೇಲು.

ಎಲ್ಲ ಕಾಣಿಕೆಯೂ ಬೀರುವಿನಲ್ಲಿ ಹಿಡಿಸುವಂಥದಲ್ಲ. ಜಪಾನಿನ ಪ್ರಧಾನಿ ಶಿಂಜೊ ಅಬೆ 2015ರ ಡಿಸೆಂಬರ್ 12ರಂದು ಗಂಗಾರತಿಯನ್ನು ನೋಡಿದರು. (ಪ್ರಧಾನಿ ಸರ್ಕಾರದ ಮುಖ್ಯಸ್ಥರೇ ಹೊರತು ರಾಷ್ಟ್ರದ ಮುಖ್ಯಸ್ಥರಲ್ಲ, ಶಿಷ್ಟಾಚಾರದವರು ಈ ವ್ಯತ್ಯಾಸವನ್ನು ಮರೆಯುವುದಿಲ್ಲ.) ಜಪಾನಿನ ನೆರವಿನಿಂದ ಕಟ್ಟಿದ ‘ರುದ್ರಾಕ್ಷ’ ಸಭಾಭವನವು 2021ರ ಜುಲೈ 15ರಂದು ಉದ್ಘಾಟನೆಯಾಯಿತು. ಅದರಲ್ಲಿ ಕುಳಿತು ಸಂಗೀತ ಕೇಳುವವನು ಕಾಶಿಯ ಸಾಮಾನ್ಯ ನಾಗರಿಕ.

ಮೀನಾಕಾರಿಯ ವಿಷಯದಲ್ಲಿ ನನಗಿರುವ ಚಿಂತೆ ಬೇರೆ. ಈ ಉದ್ಯೋಗದಲ್ಲಿ ಬಂಡವಾಳದ ಬಹುಪಾಲು ಬೆಳ್ಳಿಯಲ್ಲಿಯೇ ಸಿಕ್ಕಿಬೀಳುತ್ತದೆ. ಬೆಳ್ಳಿಯ ದರ ಏರಿದಾಗಲೆಲ್ಲ ಸಣ್ಣ ಕುಶಲಕರ್ಮಿ ಸಾಲಕ್ಕೆ ಅಲೆಯಬೇಕು. ಅಧ್ಯಕ್ಷರ ಕೈ ಸೇರಿದ ಸಾಮಾನಿನ ಕೀರ್ತಿ ದೆಹಲಿಗೆ ಬರುತ್ತದೆ. ಕೂಲಿ ಸಕಾಲದಲ್ಲಿ ಬಂದರಷ್ಟೇ ಅವನ ಮಗ ಕುಲುಮೆಯ ಮುಂದೆ ಕುಳಿತಾನು. ಮುಂದಿನ ಸಲ ಕಾಶಿಗೆ ಹೋಗುವ ಸದಸ್ಯರು ಗಾಯ್‌ಘಾಟಿನ ಓಣಿಗಳಲ್ಲಿ ಈ ಕೆಲಸದವರನ್ನು ವಿಚಾರಿಸಿ, ಭೌಗೋಳಿಕ ಗುರುತಿನ ಚೀಟಿಯನ್ನು ನೋಡಿ, ಸಾಧ್ಯವಾದರೆ ಅವರಿಂದಲೇ ನೇರವಾಗಿ ಕೊಳ್ಳಬಹುದು. ಅಸ್ಸಿಯಿಂದ ದೋಣಿ ಹಿಡಿದು ಬಂದರೆ ಚೇತ್‌ಸಿಂಗನ ಕೋಟೆಯನ್ನು ದಾಟಿ, ಹರಿಶ್ಚಂದ್ರ ಘಾಟಿಗೆ ಸ್ವಲ್ಪ ಮೊದಲೇ ನಮ್ಮ ಕರ್ನಾಟಕ ಘಾಟೂ ಸಿಗುತ್ತದೆ.